ಬಾಸ್‌ಗೆ ಒಂದೇ ಕ್ಯಾಬಿನೆಟ್ ಸಾಕು



ಗಾಯನ ಮಂಡಳಿಯ ಬಾಸ್ ಗಿಟಾರಿಗೆ 10 ಇಂಚಿನ ನಾಲ್ಕು ಸ್ಪೀಕರುಗಳ ದೊಡ್ಡ ಕ್ಯಾಬಿನೆಟ್ ಬೇಕೆಂದು ಕೆಲವರ ಆಸೆ. 12 ಇಂಚಿನ ಒಂದೇ ಸ್ಪೀಕರಿರುವ, 8 ಓಮ್‌ನ ಕ್ಯಾಬಿನೆಟ್ ಸಾಕೆಂಬುದು ನಮ್ಮ ಅಭಿಪ್ರಾಯ.

ಬಾಸ್‌ನ ದಪ್ಪ ತಂತಿಯ ನಾದ ಸುಮಾರು 41 ಹರ್ಟ್ಜ್. ಇಗರ್ಜಿಯ ಗೋಡೆಗಳ ನಡುವೆ ಅಂಥ ತಗ್ಗುಸ್ವರ ಬೇಗ ಅಡಗದು. ಸದ್ದು ಹೆಚ್ಚಿಸಿದಷ್ಟೂ ಹಾಡಿನ ಮಾತು ಮುಳುಗುತ್ತದೆ. ಹಿಂದಿನ ಬೆಂಚಿನ ಅಜ್ಜಿಗೆ ಕೀರ್ತನೆಯ ಮಾತು ಕೇಳಿಸದಿದ್ದರೆ ನಾವು ನುಡಿಸಿ ಫಲವೇನು?

ಕೊಳ್ಳುವಾಗ ವ್ಯಾಟ್ ಒಂದನ್ನೇ ನೋಡದೆ ಸೆನ್ಸಿಟಿವಿಟಿಯನ್ನೂ ನೋಡೋಣ. ಅದು 3 ಡೆಸಿಬೆಲ್ ಹೆಚ್ಚಿದ್ದರೆ ಅರ್ಧದಷ್ಟು ವ್ಯಾಟಿನಲ್ಲೇ ಅಷ್ಟು ಸದ್ದು ಬರುತ್ತದೆ. ಹಬ್ಬಕ್ಕೆ ಮೈದಾನದಲ್ಲಿ ನುಡಿಸಬೇಕಾದರೆ ಅಂಥದೇ ಇನ್ನೊಂದನ್ನು ಸಮಾಂತರವಾಗಿ ಜೋಡಿಸಬಹುದು. ಆಗ ಒಟ್ಟು 4 ಓಮ್. ಆಂಪ್ಲಿಫೈಯರ್ ಅದನ್ನು ತಾಳುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ವಾಳೆಯ ಮನೆಮನೆಗಳಿಂದ ಬಂದ ಹಣವಿದು. ಬೇಕಾದಷ್ಟಕ್ಕೇ ಖರ್ಚಾಗಲಿ.