ಸೀಲಿಂಗಿಗೆ ಎಷ್ಟು ದೀಪ ಬೇಕು?

ತಿಲಕನಗರದಲ್ಲಿರುವ ನನ್ನ ಖಾಲಾ ಮನೆಯ ನವೀಕರಣ ಮುಗಿದ ಸಂಜೆ ನಾವೆಲ್ಲ ನೋಡಲು ಹೋಗಿದ್ದೆವು. ಹಾಲ್‌ಗೆ ಹೊಸ ಫಾಲ್ಸ್ ಸೀಲಿಂಗ್, ಅದರೊಳಗೆ ಸಾಲಾಗಿ ಹುದುಗಿಸಿದ ಹದಿನಾರು ದೀಪಗಳು. ಖಾಲಾ ಸ್ವಿಚ್ ಒತ್ತಿದಾಗ ಮಕ್ಕಳೆಲ್ಲ 'ವಾಹ್' ಎಂದರು. ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಅವರ ಅತ್ತೆ ಮಾತ್ರ ಹಣೆಗೆ ಕೈ ಅಡ್ಡ ಹಿಡಿದರು. ಅವರನ್ನು ನಾವೆಲ್ಲ ದಾದಿಮಾ ಎನ್ನುತ್ತೇವೆ. "ಬೆಳಕೇನೋ ಚೆನ್ನಾಗಿದೆ ಬೇಟಿ, ಆದರೆ ಕಣ್ಣು ಬಿಡಲಾಗುತ್ತಿಲ್ಲ" ಎಂದರು. ಮರುದಿನ ಅವರ ಕುರ್ಚಿ ಒಳಕೋಣೆಯ ಹಳೆಯ ಟ್ಯೂಬ್‌ಲೈಟಿನ ಕೆಳಗೆ ಸೇರಿತು.

ಇಷ್ಟು ಖರ್ಚು ಮಾಡಿ ಸಿಂಗರಿಸಿದ ಹಾಲ್‌ನಲ್ಲಿ ಮನೆಯ ಹಿರಿಯರೇ ಕೂರಲಾಗದಿದ್ದರೆ ಆ ಬೆಳಕು ಯಾರಿಗಾಗಿ? ದೀಪಗಳ ನಕ್ಷೆ ಬರೆದದ್ದು ಎಲೆಕ್ಟ್ರಿಷಿಯನ್. ಅವನು ಸೀಲಿಂಗ್ ನೋಡಿ ಬರೆದ. ಕೆಳಗೆ ಯಾರು ಎಲ್ಲಿ ಕೂರುತ್ತಾರೆ, ಏನು ಮಾಡುತ್ತಾರೆ ಎಂದು ಹೇಳಬೇಕಾದವರು ನಾವು. ನಾವು ಹೇಳಲಿಲ್ಲ.

ಮೊದಲು ಲೆಕ್ಕ ಹಾಕಿ

ಬೆಳಕನ್ನು ವ್ಯಾಟ್‌ನಲ್ಲಿ ಅಳೆಯುವುದಿಲ್ಲ, ಲುಮೆನ್‌ನಲ್ಲಿ ಅಳೆಯುತ್ತಾರೆ. ದೀಪದ ಡಬ್ಬಿಯ ಮೇಲೆ ಅದು ಬರೆದಿರುತ್ತದೆ. ಒಳ್ಳೆಯ ಎಲ್‌ಇಡಿ ದೀಪ ಒಂದು ವ್ಯಾಟ್‌ಗೆ ಸುಮಾರು 100 ಲುಮೆನ್ ಕೊಡುತ್ತದೆ. ಕೂರುವ ಕೋಣೆಗೆ ಚದರ ಅಡಿಗೆ 25ರಿಂದ 30 ಲುಮೆನ್ ಧಾರಾಳ ಸಾಕು. ಖಾಲಾ ಹಾಲ್ 12 ಅಡಿಗೆ 14 ಅಡಿ, ಅಂದರೆ 168 ಚದರ ಅಡಿ. ಅದಕ್ಕೆ 8 ವ್ಯಾಟ್‌ನ ಆರು ದೀಪಗಳು ಸಾಕಿದ್ದವು. ಹಾಕಿದ್ದು 12 ವ್ಯಾಟ್‌ನ ಹದಿನಾರು, ಬೇಕಾದುದರ ನಾಲ್ಕು ಪಟ್ಟು! ದಿನಕ್ಕೆ ಐದು ಗಂಟೆ ಉರಿಸಿದರೆ ತಿಂಗಳಿಗೆ ಏಳು ಯೂನಿಟ್‌ನಲ್ಲಿ ಮುಗಿಯುವುದು 29 ಯೂನಿಟ್ ಆಗುತ್ತದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕೆಂಬುದು ನಿಮಗೆ ಗೊತ್ತಿದೆ. ಆ ಗೆರೆಯ ಅಂಚಿನಲ್ಲಿರುವ ಮನೆಗೆ ಇದು ಸಣ್ಣ ಮಾತಲ್ಲ.

ಹಿರಿಯರ ಕಣ್ಣು

ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ಪಾಪೆ ಕಿರಿದಾಗುತ್ತದೆ. ಅರವತ್ತರ ಕಣ್ಣಿನೊಳಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೇ ಒಂದರಷ್ಟು. ಹಾಗಾಗಿ ಓದಲು ಅವರಿಗೆ ಹೆಚ್ಚು ಬೆಳಕು ಬೇಕು, ಆದರೆ ನೇರವಾಗಿ ಕಣ್ಣಿಗೆ ಚುಚ್ಚುವ ಬೆಳಕನ್ನು ಅವರು ನಮಗಿಂತ ಕಡಿಮೆ ತಾಳಿಕೊಳ್ಳುತ್ತಾರೆ. ಪರಿಹಾರ ಸುಲಭ. ಸೋಫಾ, ಹಾಸಿಗೆ, ಹಿರಿಯರ ಕುರ್ಚಿಯ ನೇರ ನೆತ್ತಿಯ ಮೇಲೆ ದೀಪ ಬೇಡ. ಬಲ್ಬು ಸ್ವಲ್ಪ ಒಳಕ್ಕೆ ಸರಿದಿರುವ ದೀಪ ಆರಿಸಿ. ಓದುವ ಜಾಗಕ್ಕೆ ಪಕ್ಕದ ಗೋಡೆಯಲ್ಲಿ ಪ್ರತ್ಯೇಕ ದೀಪ ಕೊಡಿ.

ಬಣ್ಣವನ್ನೂ ನೋಡಿ. ಡಬ್ಬಿಯ ಮೇಲೆ 3000 ಕೆ ಎಂದಿದ್ದರೆ ಹಳೆಯ ಬಲ್ಬಿನಂಥ ಬೆಚ್ಚನೆಯ ಬೆಳಕು, 4000 ಕೆ ನಡುವಿನದು, 6500 ಕೆ ನೀಲಿ ಮಿಶ್ರಿತ ಬಿಳಿ. ಮಲಗುವ ಕೋಣೆಗೆ 3000, ಅಡುಗೆಮನೆಗೆ 4000 ಹಿತ. ಸಿಆರ್‌ಐ ಎಂಬ ಇನ್ನೊಂದು ಅಂಕೆ 80ಕ್ಕಿಂತ ಕಡಿಮೆಯಿದ್ದರೆ ಸೀರೆಯ ಬಣ್ಣವೂ ಸಾರಿನ ಬಣ್ಣವೂ ಸರಿಯಾಗಿ ಕಾಣುವುದಿಲ್ಲ. 90 ಇದ್ದರೆ ಉತ್ತಮ.

ಅಡುಗೆಮನೆಯ ನೆರಳು

ಅಡುಗೆಮನೆಯ ನಟ್ಟನಡುವೆ ದೀಪ ಹಾಕಿಸಿದರೆ ಕಟ್ಟೆಯ ಮುಂದೆ ನಿಂತ ನಿಮ್ಮ ನೆರಳು ನೀವು ಹೆಚ್ಚುವ ಈರುಳ್ಳಿಯ ಮೇಲೆಯೇ ಬೀಳುತ್ತದೆ. ಸಹರಿಯ ಹೊತ್ತಿನಲ್ಲಿ ಅರೆನಿದ್ದೆಯ ಕಣ್ಣಲ್ಲಿ ಚಾಕು ಹಿಡಿದವರಿಗೆ ಇದರ ಕಷ್ಟ ಗೊತ್ತು. ದೀಪಗಳು ಕಟ್ಟೆಯ ಹೊರ ಅಂಚಿನ ನೇರಕ್ಕೆ, ಗೋಡೆಯಿಂದ ಸುಮಾರು ಎರಡು ಅಡಿ ದೂರದಲ್ಲಿರಲಿ. ಮೇಲೆ ಕಪಾಟು ಇದ್ದರೆ ಅದರ ಅಡಿಗೆ ಒಂದು ಪಟ್ಟಿ ದೀಪ ಅಂಟಿಸಿ.

ಫ್ಯಾನಿನ ರೆಕ್ಕೆ ಸುತ್ತುವ ಜಾಗದ ಮೇಲೆಯೂ ದೀಪ ಬೇಡ. ರೆಕ್ಕೆ ಬೆಳಕನ್ನು ಕತ್ತರಿಸಿ ಇಡೀ ಕೋಣೆ ಮಿಣುಕಿದಂತಾಗುತ್ತದೆ. ಫ್ಯಾನಿನ ನಡುವಿನಿಂದ ಮೂರು ಅಡಿಯಾದರೂ ಬಿಡಿ.

ಹಳೆಯ ಮನೆಯವರಿಗೆ

ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಅಲ್ಲಿ, ಬನಶಂಕರಿಯಲ್ಲಿ ಹಳೆಯ ಮನೆಗಳು ಇನ್ನೂ ಇವೆ. ಆರ್‌ಸಿಸಿ ತಾರಸಿಯನ್ನು ಕೊರೆದು ದೀಪ ಹುದುಗಿಸಲಾಗದು, ಫಾಲ್ಸ್ ಸೀಲಿಂಗ್ ಬೇಕೇ ಬೇಕು. ಅದು ಆರೆಂಟು ಇಂಚು ಎತ್ತರ ತಿನ್ನುತ್ತದೆ. ನಿಮ್ಮ ತಾರಸಿ ಒಂಬತ್ತು ಅಡಿಯಷ್ಟೇ ಇದ್ದರೆ ಹೊರಗೆ ಅಂಟಿಸುವ ಸರ್ಫೇಸ್ ದೀಪ ಹಾಕಿಸಿ, ಖರ್ಚೂ ಉಳಿಯುತ್ತದೆ. ಮಳೆಗಾಲದಲ್ಲಿ ತಾರಸಿ ಒಸರುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ. ಫಾಲ್ಸ್ ಸೀಲಿಂಗ್ ಸೋರಿಕೆಯನ್ನು ಮುಚ್ಚಿಡುತ್ತದೆ, ನಿಲ್ಲಿಸುವುದಿಲ್ಲ. ಹಳೆಯ ವೈರುಗಳನ್ನು ಬದಲಿಸಿ, ಪೈಪಿನೊಳಗೆ ಎಳೆಸಿ, ಅರ್ಥಿಂಗ್ ಪರೀಕ್ಷಿಸಿದ ಬಳಿಕವೇ ಸೀಲಿಂಗ್ ಮುಚ್ಚಲಿ.

ಕೊಳ್ಳುವಾಗ

ಜಯನಗರದಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಚಿಕ್ಕಪೇಟೆ. ಅಲ್ಲಿಂದ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಅಂಗಡಿಗಳಲ್ಲಿ ದೀಪ ಉರಿಸಿ ನೋಡಿಯೇ ಕೊಳ್ಳಬಹುದು. ಡಬ್ಬಿಯ ಮೇಲೆ ಬಿಐಎಸ್ ಗುರುತು ಮತ್ತು 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದು ಅಸಲಿಯೇ ಎಂದು ಅಲ್ಲೇ ನೋಡಬಹುದು. ಈ ದೀಪಗಳಲ್ಲಿ ಬಹಳ ಸಲ ಮೊದಲು ಕೆಡುವುದು ಡ್ರೈವರ್ ಎಂಬ ಪುಟ್ಟ ಪೆಟ್ಟಿಗೆ. ಅದನ್ನು ಬೇರೆಯಾಗಿ ಬದಲಿಸಲು ಬರುವ ದೀಪವೇ ಇರಲಿ. ಸೀಲಿಂಗಿನ ರಂಧ್ರದ ಅಳತೆ ಬರೆದಿಟ್ಟುಕೊಳ್ಳಿ, ಅದೇ ಮಾದರಿಯ ಎರಡು ದೀಪ ಹೆಚ್ಚಿಗೆ ತನ್ನಿ. ಮೂರು ವರ್ಷದ ಬಳಿಕ ಅದೇ ಅಳತೆಯದು ಸಿಗದಿರಬಹುದು.

ಕೊನೆಗೆ ಖಾಲಾ ಹದಿನಾರನ್ನೂ ತೆಗೆಸಿದರು. ಹತ್ತು ರಂಧ್ರ ಮುಚ್ಚಿಸಿ, ಮತ್ತೆ ಬಣ್ಣ ಬಳಿಸಿ, ಉಳಿದ ಆರಕ್ಕೆ ಬೆಚ್ಚನೆಯ ಬೆಳಕಿನ ದೀಪ ಹಾಕಿಸಿದರು. ದಾದಿಮಾ ಕುರ್ಚಿಯ ಪಕ್ಕದ ಗೋಡೆಗೆ ಒಂದು ದೀಪ, ಅದಕ್ಕೆ ಕೈಗೆಟಕುವಲ್ಲಿ ಬೇರೆಯದೇ ಸ್ವಿಚ್. ಆ ಹಾಲ್‌ನಲ್ಲಿ ರಾತ್ರಿ ಮೊಮ್ಮಕ್ಕಳು ಮಲಗುತ್ತಾರೆ. ಈಗ ಫಜ್ರ್ ನಮಾಝಿನ ಬಳಿಕ ದಾದಿಮಾ ಅದೊಂದನ್ನೇ ಹಾಕಿಕೊಂಡು ಕುರ್‌ಆನ್ ಓದುತ್ತಾರೆ. ಮಕ್ಕಳಿಗೆ ಎಚ್ಚರವಾಗುವುದಿಲ್ಲ.