ಅಪ್ಪಣೆ ಕೇಳಿ ಕಾಲಿಡುವ ಕಾಡು

ಆಸ್ಟ್ರೇಲಿಯಾದ ಉತ್ತರ ತುದಿಯ ಕಕಾಡು ರಾಷ್ಟ್ರೀಯ ಉದ್ಯಾನದಲ್ಲಿ ಈಸ್ಟ್ ಅಲಿಗೇಟರ್ ನದಿಯನ್ನು ವಾಹನಗಳು ದಾಟುವ ಜಾಗಕ್ಕೆ ಕೇಹಿಲ್ಸ್ ಕ್ರಾಸಿಂಗ್ ಎಂದು ಹೆಸರು. ಕಡಲಿನ ಉಬ್ಬರ ಬಂದಾಗ ರಸ್ತೆಯ ಮೇಲೆಯೇ ನೀರು ಹರಿಯುತ್ತದೆ, ಮೀನು ಹಿಡಿಯಲು ಮೊಸಳೆಗಳು ಅಲ್ಲಿ ಕಾದು ನಿಲ್ಲುತ್ತವೆ. ಆಚೆ ದಡದಿಂದ ಶುರುವಾಗುವ ಅರ್ನೆಮ್ ಲ್ಯಾಂಡ್ ಸುಮಾರು 97,000 ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಅರ್ಧ ಕರ್ನಾಟಕದಷ್ಟು. ಕಾನೂನಿನ ಪ್ರಕಾರ ಅದು ಅಲ್ಲಿನ ಮೂಲನಿವಾಸಿಗಳ ಸ್ವಂತ ನೆಲ. ಹೊರಗಿನವರು ನಾರ್ದರ್ನ್ ಲ್ಯಾಂಡ್ ಕೌನ್ಸಿಲ್‌ನಿಂದ ಪರವಾನಗಿ ಪಡೆಯದೆ ಅಲ್ಲಿಗೆ ಹೋಗುವಂತಿಲ್ಲ. ಎಲ್ಲಿಗೆ, ಯಾವಾಗ, ಯಾತಕ್ಕೆ ಎಂದು ಮೊದಲೇ ತಿಳಿಸಬೇಕು.

ರಜೆಯಲ್ಲಿ ಅತ್ತ ಹೋಗಿಬರುವ ಆಸ್ಟ್ರೇಲಿಯಾದ ಕನ್ನಡ ಕುಟುಂಬಗಳು ಈಗ ಹೆಚ್ಚುತ್ತಿವೆ. ಕಕಾಡುವಿನ ಉಬಿರ್ ಬಂಡೆಗಳ ಸಾವಿರಾರು ವರ್ಷಗಳ ಚಿತ್ರಗಳನ್ನು ನೋಡಿ ಬಂದವರು ನಮ್ಮ ಕನ್ನಡ ಸಂಘದಲ್ಲೂ ಇದ್ದಾರೆ. ಆ ಪಯಣದ ಜೊತೆಗೆ ತವರು ಕರ್ನಾಟಕದ ಇನ್ನೊಂದು ಕಾಡನ್ನೂ ಇಟ್ಟು ನೋಡಬೇಕು ಎಂಬುದು ಈ ಸಂಪಾದಕೀಯದ ಆಸೆ.

ಅಪ್ಪಣೆ ಕೇಳುವುದು ಕನ್ನಡಿಗರಿಗೆ ಹೊಸದೇನಲ್ಲ. ಹರಿಹರ ತಾಲೂಕಿನ ಕಡರನಾಯಕನಹಳ್ಳಿಯಂಥ ಊರಲ್ಲಿ ಬೆಳೆದವರು ಪರರ ಗದ್ದೆಯ ಬದುವಿನ ಮೇಲೆ ಹೆಜ್ಜೆ ಇಟ್ಟರೆ, ‘ಯಾರಪ್ಪಾ, ಯಾರ ಪೈಕಿ?’ ಎಂಬ ಕೂಗು ಬಂದೇ ಬರುತ್ತದೆ. ಕೇಳಿದವರಿಗೆ ಸಿಟ್ಟಿಲ್ಲ, ಉತ್ತರಿಸುವವರಿಗೆ ಅವಮಾನವಿಲ್ಲ. ಗದ್ದೆಗೆ ಒಡೆಯರಿದ್ದಾರೆ ಎನ್ನುವುದು ಇಬ್ಬರಿಗೂ ಗೊತ್ತು. ಆದರೆ ಕಾಡಿನ ವಿಷಯ ಬಂದಾಗ ಅದೇ ಜನರಿಗೆ ಅದು ಯಾರದೂ ಅಲ್ಲದ ಜಾಗ, ಹೆಚ್ಚೆಂದರೆ ಅರಣ್ಯ ಇಲಾಖೆಯ ಜಾಗ ಎಂದು ಅನ್ನಿಸುತ್ತದೆ.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟವನ್ನೇ ನೋಡಿ. ಬೆಟ್ಟದ ದೇವರು ರಂಗನಾಥ, ಅಲ್ಲಿನ ಮೂಲನಿವಾಸಿಗಳಾದ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಎಂಬ ನಂಬಿಕೆಯಿಂದ ಸೋಲಿಗರು ದೇವರನ್ನೇ ರಂಗಭಾವ ಎಂದು ಕರೆಯುತ್ತಾರೆ. ದೇವರೇ ಅಳಿಯನಾಗಿ ಬಂದ ನೆಲ ಅದು. 1974ರಲ್ಲಿ ಆ ಕಾಡು ವನ್ಯಧಾಮವಾಯಿತು. ಬೇಟೆ ನಿಂತಿತು, ಜಾಗ ಬದಲಿಸುತ್ತಾ ರಾಗಿ ಬೆಳೆಯುವ ಬೇಸಾಯ ನಿಂತಿತು, ಜನ ಪೋಡು ಎಂಬ ಹಾಡಿಗಳಲ್ಲಿ ಒಂದೇ ಕಡೆ ನೆಲೆಯೂರಬೇಕಾಯಿತು. 2011ರ ಆರಂಭದ ಹೊತ್ತಿಗೆ ಹುಲಿ ಸಂರಕ್ಷಿತ ಪ್ರದೇಶ ಎಂಬ ಹೆಸರೂ ಸೇರಿತು. ಎತ್ತಂಗಡಿಯ ಭಯ ಪೋಡುಗಳಲ್ಲಿ ದಟ್ಟವಾಗಿದ್ದ ಆ ವರ್ಷದ ಅಕ್ಟೋಬರ್ 2ರಂದು, 2006ರ ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಜೇನು, ನೆಲ್ಲಿಕಾಯಿ, ಸೀಗೆ, ಪಾಚಿ ತರಲು, ಕಾಡಿನ ನಿರ್ವಹಣೆಯಲ್ಲಿ ಮಾತಾಡಲು ಸೋಲಿಗರಿಗೆ ಕಾನೂನಿನ ಬಲ ಬಂತು. ನೆಲದ ಒಡೆತನ ಮಾತ್ರ ಸರ್ಕಾರದ್ದೇ ಆಗಿ ಉಳಿಯಿತು.

ಒಡೆತನದ ವಿಷಯದಲ್ಲಿ ಆಸ್ಟ್ರೇಲಿಯಾ ಬೇರೆ ದಾರಿ ಹಿಡಿದಿದೆ. ದೇಶದ ನಡುಭಾಗದ ಉಲುರು ಬಂಡೆ ಇರುವ ನೆಲದ ಹಕ್ಕುಪತ್ರವನ್ನು 1985ರ ಅಕ್ಟೋಬರ್ 26ರಂದು ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಒಪ್ಪಿಸಲಾಯಿತು. ಅವರು ಅದನ್ನು ರಾಷ್ಟ್ರೀಯ ಉದ್ಯಾನಕ್ಕಾಗಿ 99 ವರ್ಷಗಳ ಗುತ್ತಿಗೆಗೆ ಸರ್ಕಾರಕ್ಕೆ ಕೊಟ್ಟರು. ಆಡಳಿತ ಮಂಡಳಿಯಲ್ಲಿ ಅವರದೇ ಬಹುಮತ. ಬಂಡೆ ಹತ್ತಬೇಡಿ ಎಂದು ಅವರು ವರ್ಷಗಟ್ಟಲೆ ವಿನಯದಿಂದ ಕೇಳಿಕೊಂಡರು, ಕೊನೆಗೆ 2019ರ ಅಕ್ಟೋಬರ್ 26ರಿಂದ ಹತ್ತುವುದು ನಿಂತೇಹೋಯಿತು. ಕಕಾಡುವಿನಲ್ಲಿ ಮೊದಲೇ ಅರ್ಧದಷ್ಟು ನೆಲ ಮೂಲನಿವಾಸಿಗಳದಾಗಿತ್ತು, 2022ರ ಮಾರ್ಚ್‌ನಲ್ಲಿ ಉಳಿದ ಬಹುಪಾಲೂ ಅವರ ಕೈಗೆ ಮರಳಿತು. ಇದೆಲ್ಲ ಸುಲಭವಾಗಿ ಒದಗಿದ್ದಲ್ಲ. ಅರ್ನೆಮ್ ಲ್ಯಾಂಡಿನ ಯಿರ್ಕಾಲಾದ ಜನ ಗಣಿಯ ವಿರುದ್ಧ 1963ರಲ್ಲಿ ಮರದ ತೊಗಟೆಯ ಮೇಲೆ ಚಿತ್ರ ಬರೆದು ಅದಕ್ಕೆ ಅರ್ಜಿ ಅಂಟಿಸಿ ಸಂಸತ್ತಿಗೆ ಕಳಿಸಿದ್ದರು. 1971ರಲ್ಲಿ ನ್ಯಾಯಾಲಯದಲ್ಲಿ ಸೋತರು. ನಾರ್ದರ್ನ್ ಟೆರಿಟರಿಯ ಭೂಮಿ ಹಕ್ಕಿನ ಕಾಯ್ದೆ ಬಂದಿದ್ದು 1976ರಲ್ಲಿ.

ಎರಡು ಕಾಡುಗಳ ನಡುವಿನ ಅಂತರ ಎದ್ದು ಕಾಣುವುದು ಬೆಂಕಿಯ ವಿಷಯದಲ್ಲಿ. ಕಕಾಡುವಿನ ಬಿನಿಂಜ್ ಜನ ವರ್ಷವನ್ನು ಆರು ಋತುಗಳಾಗಿ ಎಣಿಸುತ್ತಾರೆ. ಮಳೆ ಮುಗಿದು ಗಾಳಿ ತಣ್ಣಗಾಗುವ ಯೆಗ್ಗೆ ಎಂಬ ಋತುವಿನಲ್ಲಿ ಹುಲ್ಲಿಗೆ ಅಲ್ಲಲ್ಲಿ ಸಣ್ಣ ಬೆಂಕಿ ಇಡುತ್ತಾರೆ. ಸುಟ್ಟ ಪಟ್ಟಿಗಳು ಮಧ್ಯೆ ಬಂದು, ಕಡು ಬೇಸಿಗೆಯ ದೊಡ್ಡ ಕಾಳ್ಗಿಚ್ಚು ಹಬ್ಬದಂತೆ ತಡೆಯುತ್ತವೆ. ಪಶ್ಚಿಮ ಅರ್ನೆಮ್ ಲ್ಯಾಂಡಿನ ಸುಮಾರು 28,000 ಚದರ ಕಿಲೋಮೀಟರ್‌ನಲ್ಲಿ ಇದೇ ತಿಳಿವಳಿಕೆಯ ಮೇಲೆ 2006ರಲ್ಲಿ ಒಂದು ಯೋಜನೆ ಶುರುವಾಯಿತು. ದೊಡ್ಡ ಬೆಂಕಿ ತಪ್ಪಿದರೆ ಗಾಳಿಗೆ ಸೇರುವ ಹೊಗೆಯ ಅನಿಲಗಳೂ ತಗ್ಗುತ್ತವೆ. ಆ ಉಳಿತಾಯಕ್ಕಾಗಿ ಡಾರ್ವಿನ್‌ನ ಅನಿಲ ಘಟಕ ವರ್ಷಕ್ಕೆ ಸುಮಾರು 10 ಲಕ್ಷ ಡಾಲರ್ ಕೊಡಲು ಒಪ್ಪಿತು. ಹಿರಿಯರು ಅರಿತ ಕೆಲಸ ಕಿರಿಯರಿಗೆ ಸಂಬಳದ ಉದ್ಯೋಗವಾಯಿತು.

ಸೋಲಿಗರಿಗೂ ಇಂಥದೇ ಒಂದು ಪದ್ಧತಿ ಇತ್ತು, ಅದೇ ತರಗು ಬೆಂಕಿ. ಬೇಸಿಗೆ ಏರುವ ಮೊದಲೇ ಒಣ ತರಗೆಲೆಗೆ ನೆಲಮಟ್ಟದ ಬೆಂಕಿ ಇಡುತ್ತಿದ್ದರು. ಹುಲ್ಲು ಚಿಗುರುತ್ತಿತ್ತು, ನೆಲ್ಲಿ ಮರಗಳಿಗೆ ಬಂದಳಿಕೆಯ ಕಾಟ ಕಡಿಮೆಯಿರುತ್ತಿತ್ತು, ಲಂಟಾನ ಕಳೆ ತಲೆ ಎತ್ತುತ್ತಿರಲಿಲ್ಲ ಎಂದು ಅವರು ಹೇಳುತ್ತಾರೆ. ವನ್ಯಧಾಮವಾದ ಮೇಲೆ ಬೆಂಕಿ ಇಡುವುದು ಅಪರಾಧವಾಯಿತು. ಈಗ ಕಾಡಿನ ಉದ್ದಗಲಕ್ಕೂ ಲಂಟಾನ ಆಳೆತ್ತರ ಬೆಳೆದಿದೆ. ಅಲ್ಲಿ ವರ್ಷಾನುಗಟ್ಟಲೆ ಅಧ್ಯಯನ ನಡೆಸಿದ ಏಟ್ರೀ ಸಂಸ್ಥೆಯ ಸಂಶೋಧಕರೂ ಸೋಲಿಗರ ಈ ಮಾತಿನಲ್ಲಿ ಹುರುಳಿದೆ ಎಂದು ಬರೆದಿದ್ದಾರೆ. ಒಂದೇ ಬಗೆಯ ಜ್ಞಾನಕ್ಕೆ ಒಂದು ಕಡೆ ಸಂಬಳ, ಇನ್ನೊಂದು ಕಡೆ ಮೊಕದ್ದಮೆ. ಇದು ನೋವಿನ ಸಂಗತಿ, ಮತ್ತು ತಿದ್ದಲಾಗದ್ದೇನೂ ಅಲ್ಲ.

ಅದೇ ಸಂಸ್ಥೆಯವರು ಸೋಲಿಗ ಹಿರಿಯರ ಜೊತೆ ನಡೆದು, ಆ ಕಾಡಿನಲ್ಲಿ ಅವರ ಕುಲಗಳು ಪೂಜಿಸುವ ಸುಮಾರು 500 ತಾಣಗಳನ್ನು ನಕ್ಷೆಯಲ್ಲಿ ಗುರುತಿಸಿದ್ದಾರೆ. ದೇವರು, ಮಾರಮ್ಮ, ಪೂರ್ವಿಕರ ಕಲ್ಲುಗುಡಿ, ಅಬ್ಬಿ ಹೀಗೆ ಒಂದೊಂದಕ್ಕೂ ಹೆಸರಿದೆ, ನೋಡಿಕೊಳ್ಳುವ ಕುಲವಿದೆ. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರ ಅವುಗಳಲ್ಲಿ ಹೊರಗಿನವರಿಗೂ ಗೊತ್ತಿರುವ ಒಂದು. ಆ ಮರದ ಬುಡದಲ್ಲಿ ಸಾಲಾಗಿ ನಿಂತ ಕಲ್ಲುಗಳು ಪೂಜೆಗೊಳ್ಳುವ ಲಿಂಗಗಳು. ಅಪರಿಚಿತರ ಕಣ್ಣಿಗೆ ಅವು ಬರೀ ಕಲ್ಲಾಗಿ ಕಾಣಬಹುದು. ಉಲುರುವಿನಿಂದ ಚೂರು ಕಲ್ಲು ಒಯ್ದ ಪ್ರವಾಸಿಗರು ಆಮೇಲೆ ಕ್ಷಮೆ ಕೇಳಿ ಪತ್ರ ಬರೆದು ಅಂಚೆಯಲ್ಲಿ ವಾಪಸು ಕಳಿಸುತ್ತಿರುತ್ತಾರೆ. ದೊಡ್ಡ ಸಂಪಿಗೆಗೆ ಹೋಗುವವರು ಅದನ್ನು ನೆನಪಿಟ್ಟರೆ ಒಳ್ಳೆಯದು.

ಡಿಸೆಂಬರ್ ರಜೆಗೆ ಸಂಘದ ಅನೇಕರು ದಾವಣಗೆರೆ, ಹರಿಹರದ ಕಡೆ ಹೊರಟಿದ್ದಾರೆ. ಅಲ್ಲಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಬೆಂಗಳೂರಿನ ಮೇಲೆ ಹಾದು ಒಂದು ಇಡೀ ದಿನದ ದಾರಿ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಮಕ್ಕಳು ಶಾಲೆಯ ಸಭೆಗಳಲ್ಲಿ ನೆಲದ ಮೂಲ ಒಡೆಯರನ್ನು ನೆನೆಯುವ ಮಾತು ಕೇಳುತ್ತಲೇ ಬೆಳೆದವರು. ಬೆಟ್ಟಕ್ಕೆ ಹೋದಾಗ ಅವರು ಈ ನೆಲ ಮೂಲತಃ ಯಾರದು ಎಂದು ಕೇಳಿದರೆ ಅಪ್ಪ ಅಮ್ಮಂದಿರ ಬಳಿ ಉತ್ತರವಿರಬೇಕು. ಸಾಧ್ಯವಾದ ಕಡೆ ಸೋಲಿಗರನ್ನೇ ಮಾರ್ಗದರ್ಶಕರಾಗಿ ಕರೆದುಕೊಳ್ಳಿ, ಅವರ ಜೇನು, ಕಾಫಿ ಕೊಳ್ಳಿ, ಪೋಡಿನೊಳಗೆ ಕಾಲಿಡುವ ಮೊದಲು, ಫೋಟೋ ತೆಗೆಯುವ ಮೊದಲು ಅಲ್ಲಿನ ಹಿರಿಯರನ್ನು ಕೇಳಿ. ಬೇಡ ಎಂದರೆ ಕ್ಯಾಮೆರಾ ಒಳಗಿಡಿ. ಹೋಗಿಬಂದವರು ತಮ್ಮ ಅನುಭವವನ್ನು ಬರೆದು ಕಳಿಸಲಿ. ಕಕಾಡು ಪಯಣದ ಬರಹಗಳ ಪಕ್ಕದಲ್ಲೇ ಬೆಟ್ಟದ ಬರಹಗಳಿಗೂ ಮುಂದಿನ ಸಂಚಿಕೆಯಲ್ಲಿ ಜಾಗ ಕಾದಿರಿಸಲಾಗಿದೆ.