ಬ್ರೂನೋನ ಬಟ್ಟಲು ತೊಳೆಯುವವರು ಯಾರು?

ಕಳೆದ ವರ್ಷ ನನ್ನ ಮಗರಾಯ ಕಂಪನಿಯ ಕೆಲಸದ ಮೇಲೆ ಆರು ತಿಂಗಳು ಹೊರದೇಶಕ್ಕೆ ಹೊರಟಾಗ ತನ್ನ ನಾಯಿಯನ್ನು ತಂದು ನಮ್ಮ ಮನೆಯಲ್ಲಿ ಬಿಟ್ಟ. ಹೆಸರು ಬ್ರೂನೋ, ಲ್ಯಾಬ್ರಡಾರ್ ಜಾತಿ, 30 ಕಿಲೋ ತೂಕ. ನಾಯಿಯ ಹಿಂದೆಯೇ ಒಂದು ಪಟ್ಟಿಯೂ ಬಂತು. ಬೆಳಿಗ್ಗೆ ಹಸಿ ಕೋಳಿಯ ಕತ್ತು, ಸಂಜೆ ಹಸಿ ಈಲಿ, ಗುಂಡಿಗೆ, ನಡುವೆ ಒಂದು ಹಸಿ ಮೊಟ್ಟೆ. ಒಟ್ಟು ದಿನಕ್ಕೆ ಮುಕ್ಕಾಲು ಕಿಲೋ. ಕೊನೆಯಲ್ಲಿ ಕೆಂಪು ಅಕ್ಷರದಲ್ಲಿ ‘ಯಾವ ಕಾರಣಕ್ಕೂ ಬೇಯಿಸಬಾರದು’ ಎಂದು ಬರೆದಿತ್ತು. ಇಪ್ಪತ್ತೆಂಟು ವರ್ಷ ಮಕ್ಕಳ ಉತ್ತರಪತ್ರಿಕೆಗಳಿಗೆ ಕೆಂಪು ಶಾಯಿ ಹಾಕಿದವಳಿಗೆ ಮಗ ಹಾಕಿದ ಕೆಂಪು ಗೆರೆ ಅದು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಮಡಿ ಮೈಲಿಗೆಯ ತಕರಾರಲ್ಲ. ಭಾನುವಾರ ನಮ್ಮ ಮನೆಯಲ್ಲೂ ಮಾಂಸದ ಸಾರು ಕುದಿಯುತ್ತದೆ. ಮಾಂಸ ಬೇಯಿಸುವ ಮನೆಯ ಹೆಂಗಸಿಗೆ ಹಸಿಮಾಂಸದ ಎಚ್ಚರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅದಕ್ಕೆ ಬೇರೆ ಮಣೆ, ಬೇರೆ ಚಾಕು, ಮುಟ್ಟಿದ ಕೈಗೆ ಸೋಪು. ಬೆಂದ ಮೇಲೆ ಮಾತ್ರ ಅದು ಊಟ. ನಮ್ಮ ಅಜ್ಜಿಯರಿಗೂ ಗೊತ್ತಿದ್ದ ಈ ವಿವೇಕ, ನಾಯಿಯ ಬಟ್ಟಲಿನ ವಿಷಯ ಬಂದೊಡನೆ ನಮ್ಮ ಓದಿದ ಮಕ್ಕಳಿಗೆ ಮರೆತುಹೋಗುವುದೇಕೆ?

ಮಗನ ಮೇಲಿನ ಪ್ರೀತಿಗೆ ಎರಡು ತಿಂಗಳು ಪಟ್ಟಿಯಂತೆಯೇ ನಡೆದುಕೊಂಡೆ. ಮೂರನೆಯ ತಿಂಗಳಲ್ಲಿ ಮಗಳು ಹೆರಿಗೆಗೆಂದು ತವರಿಗೆ ಬಂದಳು. ಆಗ ಅವಳಿಗೆ ಏಳು ತಿಂಗಳು. ಒಂದು ಸಂಜೆ ಹಸಿವೆಂದು ಫ್ರಿಜ್ಜಿನಿಂದ ಹೆಚ್ಚಿಟ್ಟ ಪರಂಗಿಯಲ್ಲ, ಸೌತೆಕಾಯಿಯ ತಟ್ಟೆ ತೆಗೆದಳು. (ಬಸುರಿಗೆ ಪರಂಗಿ ಕೊಡುವಷ್ಟು ಧೈರ್ಯ ನನಗೂ ಇಲ್ಲ!) ಬಾಯಿಗಿಡುವ ಮೊದಲು, “ಅಮ್ಮಾ, ಇದೇನು ಕೆಂಪಗಿದೆ?” ಎಂದಳು. ಮೇಲಿನ ಅರೆಯಲ್ಲಿ ಬ್ರೂನೋಗೆಂದು ಇಟ್ಟಿದ್ದ ಈಲಿಯ ಪೊಟ್ಟಣ ಸೋರಿ, ರಕ್ತದ ನೀರು ಸೌತೆಕಾಯಿಯ ಮೇಲೆ ತೊಟ್ಟಿಕ್ಕಿತ್ತು. ನನ್ನ ಎದೆ ಧಸಕ್ಕೆಂದಿತು.

ಮಾರನೆಯ ದಿನ ಮಗಳ ವೈದ್ಯರನ್ನೂ, ನಮ್ಮೂರಿನ ಪಶುವೈದ್ಯರನ್ನೂ ಕೇಳಿದೆ. ಅವರಿಂದ ತಿಳಿದದ್ದನ್ನು, ಆಮೇಲೆ ನಾನೇ ಓದಿ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ. ಹಸಿಮಾಂಸದಲ್ಲಿ ಸಾಲ್ಮೊನೆಲ್ಲಾ, ಲಿಸ್ಟೀರಿಯಾ ಎಂಬ ರೋಗಾಣುಗಳು ಇರಬಹುದು. ಫ್ರೀಜರಿನಲ್ಲಿ ಇಟ್ಟರೆ ಅವು ಸಾಯುವುದಿಲ್ಲ, ಸುಮ್ಮನೆ ಮಲಗಿರುತ್ತವೆ. ಲಿಸ್ಟೀರಿಯಾ ಅಂತೂ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುವಂಥದ್ದು. ಬಸುರಿಗೆ ಅದು ತಗುಲಿದರೆ ಅವಳಿಗೆ ಸಣ್ಣ ಜ್ವರವಷ್ಟೇ ಬಂದು ಹೋಗಬಹುದು; ಆದರೆ ಗರ್ಭ ನಿಲ್ಲದೆ ಹೋಗಬಹುದು, ಮಗು ಹೊಟ್ಟೆಯಲ್ಲೇ ಸಾಯಬಹುದು. ಅಮೆರಿಕದ ಸರ್ಕಾರದ ಆಹಾರ ಮತ್ತು ಔಷಧ ಇಲಾಖೆ 2010ರಿಂದ 2012ರವರೆಗೆ ಸಾಕುಪ್ರಾಣಿಗಳ ಆಹಾರವನ್ನು ಪರೀಕ್ಷೆ ಮಾಡಿಸಿತು. ಹಸಿ ಆಹಾರದ 196 ಮಾದರಿಗಳ ಪೈಕಿ 15ರಲ್ಲಿ ಸಾಲ್ಮೊನೆಲ್ಲಾ, 32ರಲ್ಲಿ ಲಿಸ್ಟೀರಿಯಾ ಸಿಕ್ಕಿತು. ಚೆಂದವಾಗಿ ಪ್ಯಾಕು ಮಾಡಿ ಮಾರುವ ಊರಿನ ಕಥೆ ಇದು. ನೊಣ ಮುತ್ತಿದ ನಮ್ಮ ಅಂಗಡಿಯ ಈಲಿಯ ಬಗ್ಗೆ ಬೇರೆ ಹೇಳಬೇಕೇ?

ರಾತ್ರಿ ಮಗನಿಗೆ ಫೋನು ಮಾಡಿದೆ. “ಅಮ್ಮ, ಅದು ಪ್ರಾಣಿ. ಕಾಡಿನಲ್ಲಿ ತೋಳಕ್ಕೆ ಯಾರು ಬೇಯಿಸಿ ಹಾಕ್ತಾರೆ?” ಎಂದ. “ಕಾಡಿನಲ್ಲಿ ತೋಳ ಫ್ರಿಜ್ಜು ಇಟ್ಟುಕೊಂಡಿರುತ್ತೇನೋ? ಅದೇ ಫ್ರಿಜ್ಜಿನಲ್ಲಿ ಬಸುರಿಯ ಊಟವೂ ಇರುತ್ತೇನೋ?” ಎಂದೆ.

ಈ ‘ತೋಳದ ವಾದ’ಕ್ಕೆ ಪ್ರಚಾರ ಕೊಟ್ಟವರಲ್ಲಿ ಮುಖ್ಯರು ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್, 1993ರಲ್ಲಿ ಅವರ ಪುಸ್ತಕ ಬಂತು. ಆದರೆ ನಾಯಿ ತೋಳವಾಗಿ ಉಳಿದಿಲ್ಲ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳ ತಂಡ ತೋರಿಸಿಕೊಟ್ಟಂತೆ, ಪಿಷ್ಟವನ್ನು ಜೀರ್ಣಿಸುವ ಒಂದು ಜೀನು ತೋಳದಲ್ಲಿ ಎರಡು ಪ್ರತಿ ಇದ್ದರೆ ನಾಯಿಯಲ್ಲಿ 4ರಿಂದ 30 ಪ್ರತಿಗಳಿವೆ. ಸಾವಿರಾರು ವರ್ಷ ಮನುಷ್ಯನ ಅನ್ನ ಉಂಡ ಋಣ ಅದರ ರಕ್ತದಲ್ಲೇ ಬರೆದಿದೆ. ನಮ್ಮಜ್ಜನ ತೋಟ ಕಾಯುತ್ತಿದ್ದ ನಾಯಿ ಉಳಿದ ರಾಗಿಮುದ್ದೆ ತಿಂದೇ ಮುದಿಯಾಯಿತು.

ಇನ್ನು ಕಾಡುಪ್ರಾಣಿಗೆ ಹಸಿಮಾಂಸದಿಂದ ಏನೂ ಆಗುವುದಿಲ್ಲ ಎನ್ನುವವರು ನಾಗಪುರವನ್ನು ನೆನೆಯಲಿ. 2024ರ ಕೊನೆಯಲ್ಲಿ ಅಲ್ಲಿನ ಗೋರೆವಾಡಾ ಕೇಂದ್ರದಲ್ಲಿ ಮೂರು ಹುಲಿ, ಒಂದು ಚಿರತೆ ಹಕ್ಕಿಜ್ವರದಿಂದ ಸತ್ತವು. ಅನುಮಾನ ಹೋದದ್ದು ಅವುಗಳಿಗೆ ಹಾಕಿದ ಕೋಳಿಮಾಂಸದ ಮೇಲೆ.

ಕುರಿಯ ಹಸಿ ಈಲಿ, ಶ್ವಾಸಕೋಶಗಳದ್ದು ಇನ್ನೊಂದು ಅಪಾಯ. ಅದರಲ್ಲಿ ನೀರುಗುಳ್ಳೆಗಳಿದ್ದರೆ ನಾಯಿಯ ಕರುಳಿನಲ್ಲಿ ಲಾಡಿಹುಳುವಾಗುತ್ತದೆ. ಅದರ ಮೊಟ್ಟೆ ನಾಯಿಯ ಮಲದಿಂದ ನಮ್ಮ ಕೈಗೆ, ಕೈಯಿಂದ ಬಾಯಿಗೆ ಬಂದರೆ ನಮ್ಮ ಪಿತ್ತಜನಕಾಂಗದಲ್ಲೇ ಗುಳ್ಳೆ ಬೆಳೆಯುತ್ತದೆ. ಕುರಿಗಳ ನಾಡಾದ ನ್ಯೂಜಿಲೆಂಡು ನಾಯಿಗೆ ಇಂಥ ಹಸಿ ಅಂಗಗಳನ್ನು ಹಾಕುವುದನ್ನು ಕಾನೂನಿನಿಂದ ತಡೆದು, ನಾಯಿಗಳಿಗೆ ಔಷಧಿ ಕೊಟ್ಟು, 2002ರ ಹೊತ್ತಿಗೆ ಈ ರೋಗದಿಂದ ಬಹುಮಟ್ಟಿಗೆ ಪಾರಾಯಿತು.

ಎದುರು ಪಕ್ಷದ ಮಾತಿನಲ್ಲಿ ಹುರುಳೇ ಇಲ್ಲವೆನ್ನಲಾರೆ. ಅಂಗಡಿಯ ಒಣ ಆಹಾರದ ಬಗ್ಗೆ ಅವರಿಗಿರುವ ಭಯ ಸುಳ್ಳಲ್ಲ. 2007ರಲ್ಲಿ ಮೆಲಮೈನ್ ಬೆರೆತ ಆಹಾರ ತಿಂದು ಅಮೆರಿಕದಲ್ಲಿ ಎಷ್ಟೋ ನಾಯಿ ಬೆಕ್ಕುಗಳ ಮೂತ್ರಪಿಂಡ ಕೆಟ್ಟಿತು. ಆದರೆ ಅದಕ್ಕೆ ಉತ್ತರ ಹಸಿಮಾಂಸವೇ? ನಡುವೆ ಒಲೆ ಎಂಬುದೊಂದಿದೆಯಲ್ಲ!

ನನ್ನ ನಿಜವಾದ ಸಿಟ್ಟು ಬೇರೆಯೇ ಇದೆ. ಪಟ್ಟಿ ಬರೆಯುವವರು ಒಬ್ಬರು, ಫ್ರಿಜ್ಜು ಒರೆಸುವವರು ಇನ್ನೊಬ್ಬರು. ಎರಡು ತಿಂಗಳು ಬ್ರೂನೋನ ಬಟ್ಟಲನ್ನು ಬರಿಗೈಯಲ್ಲಿ ತೊಳೆದವರು ನಮ್ಮ ಮನೆಗೆಲಸದಾಕೆ. ಅವರಿಗೆ ಮನೆಯಲ್ಲಿ ಎರಡು ವರ್ಷದ ಮೊಮ್ಮಗನಿದ್ದಾನೆ. ನೋಡಲು ಗಟ್ಟಿಮುಟ್ಟಾಗಿರುವ ನಾಯಿಯೂ ಸಾಲ್ಮೊನೆಲ್ಲಾವನ್ನು ಮಲದಲ್ಲಿ ಚೆಲ್ಲುತ್ತಿರಬಹುದು ಎಂದು ಅವರಿಗೆ ಯಾರು ಹೇಳಿದ್ದರು? ನಾನೂ ಹೇಳಿರಲಿಲ್ಲ. ಆ ತಪ್ಪು ನನ್ನದೇ.

ಅಂದಿನಿಂದ ಬ್ರೂನೋಗೆ ಕುಕ್ಕರಿನಲ್ಲಿ ಮೂಳೆ ಬಿಡಿಸಿದ ಕೋಳಿ, ಅನ್ನ, ಕುಂಬಳಕಾಯಿ. ಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ, ಹಾಕಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ, ಸಾರಿನನ್ನವೂ ಬೇಡ. ಬರೀ ಮಾಂಸದಲ್ಲಿ ಸುಣ್ಣದಂಶ ಸಾಲದು, ಮರಿಯ ಮೂಳೆ ಟೊಳ್ಳಾಗುತ್ತದೆ. ಅದನ್ನು ಎಷ್ಟು, ಹೇಗೆ ಕೊಡಬೇಕೆಂದು ಪಶುವೈದ್ಯರನ್ನು ಕೇಳಿ.

ಮಗಳಿಗೆ ಹೆರಿಗೆ ಸುಸೂತ್ರವಾಯಿತು. ಕುಕ್ಕರಿನಿಂದಲೇ ಆಯಿತೆಂದು ನಾನು ಹೇಳಲಾರೆ. ಹಸಿಮಾಂಸ ಹಾಕಿದ ಎಷ್ಟೋ ಮನೆಗಳಲ್ಲಿ ಏನೂ ಆಗದೆಯೂ ಇರಬಹುದು. ಆದರೆ ಆ ಅದೃಷ್ಟ ಪರೀಕ್ಷೆಗೆ ಮಗಳ ಮಡಿಲನ್ನು ಒಡ್ಡಲು ನಾನು ಸಿದ್ಧಳಿರಲಿಲ್ಲ. ಮಗ ಹಿಂದಿರುಗಿ ಬಂದಾಗ ಮುಖ ಊದಿಸಿಕೊಂಡ. ಈಗಲೂ ಬೆಂಗಳೂರಿನಲ್ಲಿ ತನ್ನ ಪಟ್ಟಿಯನ್ನೇ ನಡೆಸುತ್ತಾನೆ. ಅವನಿಗೆ ನನ್ನ ಷರತ್ತು ಒಂದೇ: “ನೀನೇ ಹಾಕು ಮಗಾ. ಬಟ್ಟಲೂ ನೀನೇ ತೊಳಿ, ನೆಲವೂ ನೀನೇ ಒರೆಸು, ಫ್ರಿಜ್ಜೂ ಬೇರೆ ಇಟ್ಟುಕೋ.”

ನಿಮ್ಮ ಮನೆಗೂ ಇಂಥ ಪಟ್ಟಿ ಬಂದರೆ, ತಾಯಂದಿರೇ, ಮೊದಲು ಅದನ್ನೇ ಕೇಳಿ: ಬಟ್ಟಲು ತೊಳೆಯುವವರು ಯಾರು?